ತೆರಿಗೆ ಬಿಟ್ಟರೆ ವಿದೇಶಿಗರು ಬಸವನ ಬಾಗೇವಾಡಿಗೆ ಬಂದಾರೇ?

ವಿದೇಶಿ ಪ್ರವಾಸಿಗರಿಗೆ ತೆರಿಗೆ ರಿಯಾಯಿತಿ ಎಂದೊಡನೆ ವಿಮಾನ ನಿಲ್ದಾಣದಲ್ಲಿ ಕೈಗೆ ಮರಳುವ ಹಣ ನೆನಪಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಅದು ರಿಯಾಯಿತಿಯೇ ಅಲ್ಲ.

ಜಿಎಸ್‌ಟಿ ಬಳಕೆಯ ಮೇಲಿನ ತೆರಿಗೆ. ಸರಕು ಎಲ್ಲಿ ಬಳಕೆಯಾಗುತ್ತದೋ ಆ ನಾಡಿಗೆ ಅದು ಸೇರಬೇಕು. ವಿಜಯಪುರದ ಒಣದ್ರಾಕ್ಷಿ ಹಡಗು ಹತ್ತಿ ರಫ್ತಾದರೆ ಅದರ ಮೇಲೆ ನಮ್ಮ ತೆರಿಗೆ ಉಳಿಯುವುದಿಲ್ಲ. ಅದೇ ದ್ರಾಕ್ಷಿ ಜರ್ಮನಿಯ ಪ್ರವಾಸಿಯ ಚೀಲದಲ್ಲಿ ಹೋದರೂ ರಫ್ತೇ ತಾನೆ? 2017ರ ಐಜಿಎಸ್‌ಟಿ ಕಾಯ್ದೆಯ 15ನೇ ಕಲಂ ಇದನ್ನೇ ಹೇಳುತ್ತದೆ: ಆರು ತಿಂಗಳು ಮೀರದಂತೆ ಬಂದುಹೋಗುವ ಪ್ರವಾಸಿಯು ತಾನು ಒಯ್ಯುವ ಸರಕಿನ ತೆರಿಗೆಯನ್ನು ಮರಳಿ ಪಡೆಯಬಹುದು. ಕಲಂ ಬರೆದದ್ದಾಯಿತು, ಜಾರಿಯ ದಿನ ಮಾತ್ರ ವರ್ಷಗಟ್ಟಲೆ ಗೊತ್ತಾಗಲಿಲ್ಲ. ಲಂಡನ್ನಿನಲ್ಲಿ 2021ರ ಜನವರಿಯಿಂದ ಇಂಥ ವಾಪಸನ್ನೇ ನಿಲ್ಲಿಸಿದರು. ಅಲ್ಲಿನ ದೊಡ್ಡ ಅಂಗಡಿಗಳವರು ಆಮೇಲೆ ವರ್ಷಗಟ್ಟಲೆ ಗೊಣಗಿದ್ದಾರೆ.

ವಾಪಸು ಕೊಡುವುದು ನ್ಯಾಯ, ಸರಿ. ಅದರಿಂದ ಜನ ಬರುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಹತ್ತು ಸಾವಿರದ ಇಳಕಲ್ ಸೀರೆಗೆ ಶೇ. 5ರಂತೆ ಮರಳುವುದು 500 ರೂಪಾಯಿ. ಅಷ್ಟಕ್ಕೆ ಯಾರು ವಿಮಾನ ಹತ್ತುತ್ತಾರೆ? ಇತ್ತ ಗೋಳಗುಮ್ಮಟದ ಬಾಗಿಲಲ್ಲಿ ನಮಗೆ 25 ರೂಪಾಯಿ ಟಿಕೆಟ್ಟಾದರೆ ವಿದೇಶಿಗರಿಗೆ 300. ಬರ್ಲಿನ್ನಿನಿಂದ ಹೊರಟವರಿಗೆ ಇದೂ ಲೆಕ್ಕಕ್ಕಿಲ್ಲ, ಅದೂ ಲೆಕ್ಕಕ್ಕಿಲ್ಲ.

ನಿಜವಾದ ರಿಯಾಯಿತಿ ಎಂದರೆ ಇಲ್ಲೇ ಉಣ್ಣುವ ಊಟದ, ಇಲ್ಲೇ ಮಲಗುವ ಕೋಣೆಯ ತೆರಿಗೆ ಬಿಡುವುದು. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗಳ ತೆರಿಗೆಯನ್ನು 2019ರ ಅಕ್ಟೋಬರಿನಲ್ಲಿ ಶೇ. 28ರಿಂದ 18ಕ್ಕೆ ಇಳಿಸಿದರು. ವಿಜಯಪುರ ಜಿಲ್ಲೆಯ ಇಂಡಿಯಲ್ಲೋ ಸಿಂದಗಿಯಲ್ಲೋ ಆ ದರದ ಕೋಣೆ ಹುಡುಕಿ ನೋಡಿ! ಇನ್ನು ವರ್ಷದ ವಹಿವಾಟು 20 ಲಕ್ಷ ದಾಟದ ಲಾಡ್ಜು ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಿಲ್ಲ. ಇಲ್ಲದ ತೆರಿಗೆಯನ್ನು ಬಿಡುವುದಾದರೂ ಹೇಗೆ?

ತೆರಿಗೆ ಬಿಟ್ಟರೂ ಅಲ್ಲಿ ತಂಗುವವರು ಯಾರು? ಗುಮ್ಮಟ ನೋಡಿದವರು ಸಾಮಾನ್ಯವಾಗಿ ಬಾದಾಮಿಯ ದಾರಿ ಹಿಡಿಯುತ್ತಾರೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ, 1565ರ ರಕ್ಕಸತಂಗಡಿ ಯುದ್ಧದ ಹೆಸರು ಹೊತ್ತ ಮುದ್ದೇಬಿಹಾಳದ ತಂಗಡಗಿ ಪಕ್ಕಕ್ಕೇ ಉಳಿಯುತ್ತವೆ.

ತೆರಿಗೆ ರಿಯಾಯಿತಿಯ ಮಾತು ಬಂದಾಗಲೆಲ್ಲ ನಾನು ಇಂಡಿ ತಾಲ್ಲೂಕಿನ ಸಾಲೋಟಗಿಯನ್ನು ಎತ್ತದೆ ಬಿಡುವುದಿಲ್ಲ. ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ, 945ರ ಕಂಬದ ಶಾಸನ ಅಲ್ಲಿಯದು. ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ನಾನಾ ಸೀಮೆಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅದಕ್ಕೆ ಬಿಟ್ಟದ್ದು 500 ನಿವರ್ತನ ಭೂಮಿ, ವಿದ್ಯಾರ್ಥಿಗಳಿಗೆ 27 ಮನೆ, ದೀಪಕ್ಕೆಂದೇ ಮತ್ತೆ 12 ನಿವರ್ತನ. ಭೂಮಿಯ ಹುಟ್ಟುವಳಿ ಬಂದವರ ಕಿಸೆಗೆ ಹೋಗದೆ ಅವರು ಮಲಗುವ ಮನೆಗೆ, ಓದುವ ಬೆಳಕಿಗೆ ಹೋಯಿತು. ಬಿಡುವುದಾದರೆ ಹೀಗೆ ಬಿಡಬೇಕು ಎಂಬುದು ನನ್ನ ಪಕ್ಷ.

ಪಕ್ಷಕ್ಕೆ ಪುರಾವೆ ಬೇಕಲ್ಲ. ವಿದೇಶಿ ಅತಿಥಿ ಬಂದ 24 ತಾಸಿನೊಳಗೆ ಲಾಡ್ಜಿನವರು ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕು. ಅರ್ಥಶಾಸ್ತ್ರ ಓದುವ ನಮ್ಮ ಹುಡುಗ ಹುಡುಗಿಯರು, ಹೆಸರುಗಳನ್ನು ಬಿಟ್ಟು ಬರೀ ಸಂಖ್ಯೆ ಕೇಳಿ ಪಡೆದು, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಜನ ಎಷ್ಟು ರಾತ್ರಿ ತಂಗಿದರೆಂದು ಕೂಡಿಸಿ ನೋಡಲಿ.