ಕಾಶಿಯ ಯಾತ್ರಿಕನೂ ಅಂಗೈಯ ಸಂದೇಶಯಂತ್ರವೂ

ಜಯಪುರದ ಅರಸ ಸವಾಯಿ ಜಯಸಿಂಹನು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರವೆಂಬ ನೆರಳುಗಡಿಯಾರವು ವಾರಾಣಸಿಯ ಮಾನಮಂದಿರದ ಮಾಳಿಗೆಯ ಮೇಲೆ ಇಂದಿಗೂ ಬಿಸಿಲು ಕಾಯುತ್ತ ನಿಂತಿರುವುದನ್ನು ನೋಡಿ, ಅಲ್ಲಿಂದ ನೇಪಾಳದ ಪರ್ವತಗಳತ್ತ ಹೊರಡುವ ವಿದೇಶೀ ಚಾರಣಿಗನ ಜೋಳಿಗೆಯಲ್ಲಿ ಅಂಗೈಯಗಲದ ಮತ್ತೊಂದು ಯಂತ್ರವು ಇದ್ದರೂ ಇರಬಹುದು.

ಗಾರ್ಮಿನ್ ಇನ್‌ರೀಚ್ ಮೊದಲಾದ ಈ ಸಾಧನಗಳು ಸುಮಾರು 20,200 ಕಿ.ಮೀ. ಎತ್ತರದ ಜಿಪಿಎಸ್ ಉಪಗ್ರಹಗಳ ಸಂಕೇತಗಳನ್ನು ಕೇವಲ ಆಲಿಸಿ ತಾವಿರುವ ಸ್ಥಳವನ್ನು ಗಣಿಸಿಕೊಂಡು, ಮೊಬೈಲ್ ಗೋಪುರದ ಸುಳಿವೇ ಇಲ್ಲದ ಕಣಿವೆಯಿಂದಲೂ, 780 ಕಿ.ಮೀ. ಎತ್ತರದಲ್ಲಿ ಸುತ್ತುವ ಇರಿಡಿಯಂ ಉಪಗ್ರಹಗಳ ಮೂಲಕ ಒಂದೆರಡು ಸಾಲಿನ ಸಂದೇಶವನ್ನು ಕಳುಹಿಸಬಲ್ಲವು. ಕಾಲು ಮುರಿದವನು ಎಸ್‌ಒಎಸ್ ಗುಂಡಿಯನ್ನು ಒತ್ತಿಹಿಡಿದರೆ ಅವನಿರುವ ಅಕ್ಷಾಂಶ ರೇಖಾಂಶಗಳು ರಕ್ಷಣಾಕೇಂದ್ರವನ್ನು ಮುಟ್ಟುತ್ತವೆ.

ತೊಡಕಿರುವುದು ಇಲ್ಲಿಯೇ. ಆಲಿಸುವುದಕ್ಕೆ ನಮ್ಮ ಕಾನೂನಿನ ಅಡ್ಡಿಯಿಲ್ಲ. ಉಪಗ್ರಹಕ್ಕೆ ನುಡಿಯುವುದಕ್ಕೆ ದೂರಸಂಪರ್ಕ ಇಲಾಖೆಯ ಅಪ್ಪಣೆ ಬೇಕು. ಬ್ರಿಟಿಷರ ಕಾಲದ 1933ರ ವೈರ್‌ಲೆಸ್ ಅಧಿನಿಯಮದಿಂದ ಬಂದ ಈ ಕಟ್ಟಳೆಯು 2008ರ ಮುಂಬಯಿ ದಾಳಿಯ ಬಳಿಕ ಬಿಗಿಯಾಯಿತು. ಅರಿಯದೆ ಇಂಥ ಯಂತ್ರವನ್ನು ತಂದು ವಿಮಾನನಿಲ್ದಾಣಗಳಲ್ಲಿ ಪೊಲೀಸರ ವಶವಾದ ಪ್ರವಾಸಿಗರುಂಟು. ಪ್ರಯಾಣಿಕರನ್ನು ಮೊದಲೇ ಎಚ್ಚರಿಸುವಂತೆ ವಿಮಾನಸಂಸ್ಥೆಗಳಿಗೆ ಸೂಚನೆ ಹೊರಟದ್ದು 2025ರ ಜನವರಿಯಲ್ಲಿ. ತಡವಾಯಿತೆಂದೇ ನನ್ನ ಭಾವನೆ.

ಹಾಗೆಂದು ವಿದ್ಯೆಯೇ ನಿಷಿದ್ಧವೆಂದಲ್ಲ. ಕಡಲಿನ ಮೀನುಗಾರರಿಗಾಗಿ ಇಸ್ರೋ ರೂಪಿಸಿರುವ ಎರಡನೆಯ ಪೀಳಿಗೆಯ ಆಪತ್ಸೂಚಕವು ಮೊರೆಯನ್ನು ಉಪಗ್ರಹದ ಮೂಲಕ ಒಯ್ಯುವುದಲ್ಲದೆ, ಅದು ತಲಪಿತೆಂಬ ಮರುನುಡಿಯನ್ನೂ ದೋಣಿಗೆ ತಂದು ಮುಟ್ಟಿಸುತ್ತದೆ.