ಚಿಕ್ಕ ನೌಕೆಗಳ ದೊಡ್ಡ ಕಾರ್ಯ

ಕಾರವಾರದ ಕಡಲತೀರದಲ್ಲಿ 2006ರಿಂದ ಪ್ರದರ್ಶನಕ್ಕಿರುವ ‘ಚಪಲ’ ಎಂಬ ಕ್ಷಿಪಣಿ ನೌಕೆಯು 1971ರ ಯುದ್ಧದಲ್ಲಿ ಹೋರಾಡಿತೆಂಬ ಮಾತು ಜನರಲ್ಲಿ ಹಬ್ಬಿದೆ. ಇದು ನಿಜವಲ್ಲ. ಚಪಲವು ನೌಕಾಪಡೆಯನ್ನು ಸೇರಿದುದು 1976ರಲ್ಲಿ. ಆ ಕೀರ್ತಿಯು ಅದೇ ಜಾತಿಯ ಹಿರಿಯ ನೌಕೆಗಳಿಗೆ ಸಲ್ಲತಕ್ಕದ್ದು.

ಸೋವಿಯತ್ ದೇಶದಿಂದ ಕೊಂಡ ಎಂಟು ನೌಕೆಗಳಿಂದ 25ನೆಯ ಕ್ಷಿಪಣಿ ನೌಕಾದಳವು ಏರ್ಪಟ್ಟಿತ್ತು. ಒಂದೊಂದರ ಭಾರ ಸುಮಾರು 200 ಟನ್. ಒಂದೊಂದರಲ್ಲಿ ನಾಲ್ಕು ಕ್ಷಿಪಣಿಗಳು. ತೀರರಕ್ಷಣೆಗೆಂದು ನಿರ್ಮಿತವಾದ ಇವು ದೂರ ಪ್ರಯಾಣಕ್ಕೆ ತಕ್ಕವಾಗಿರಲಿಲ್ಲ. ಆದರೇನು? ದೊಡ್ಡ ನೌಕೆಗಳಾದ ಕಿಲ್ತನ್, ಕಚ್ಚಾಲ್‌ಗಳನ್ನು ಜೊತೆಗಿರಿಸಿಕೊಂಡು, ಡಿಸೆಂಬರ್ 4ರ ರಾತ್ರಿ ನಿರ್ಘಾತ, ನಿಪಾತ, ವೀರ ಎಂಬ ಮೂರು ನೌಕೆಗಳು ಕರಾಚಿಯ ಮೇಲೆರಗಿದವು. ಬಬ್ರು ಭಾನ್ ಯಾದವರು ದಳಪತಿಯಾಗಿದ್ದರು. ಖೈಬರ್ ಎಂಬ ವಿಧ್ವಂಸಕ ನೌಕೆಯೂ, ಕಡಲಿನ ಸ್ಫೋಟಕಗಳನ್ನು ತೆಗೆಯುವ ಮುಹಾಫಿಜ್ ನೌಕೆಯೂ ಮುಳುಗಿದವು. ತೀರದ ತೈಲಾಗಾರವು ಹೊತ್ತಿ ಉರಿಯಿತು. ನಮ್ಮವರಲ್ಲಿ ಒಬ್ಬನೂ ಮಡಿಯಲಿಲ್ಲ. ಎದುರಾಳಿಯ ನಾವಿಕರು ಅನೇಕರು ಜಲಸಮಾಧಿಯಾದರು. ಯಾದವರಿಗೆ ಮಹಾವೀರಚಕ್ರ ದೊರೆಯಿತು. ಡಿಸೆಂಬರ್ 4 ನೌಕಾದಿನವಾಯಿತು.

ಸಾಧನದ ಕಿರಿತನವನ್ನು ಯೋಜನೆಯ ಹಿರಿತನವು ತುಂಬಿಕೊಟ್ಟಿತೆಂಬುದೇ ಇದರ ತಿರುಳು. ಚಪಲವನ್ನು ತೋರಿಸುವಾಗ ನಾವು ಮಕ್ಕಳಿಗೆ ಇದನ್ನೇ ಹೇಳೋಣ. ವೀರರ ಕೀರ್ತಿಗೆ ಸುಳ್ಳಿನ ಊರುಗೋಲು ಬೇಕಿಲ್ಲ.