ಧೂಳಿನ ಊರಿನ ಮನೆಗೆ ಎಂಥ ಏರ್ ಪ್ಯೂರಿಫೈಯರ್?

ಬೆಳಗ್ಗೆ ಕಸ ಹೊಡೆದು, ನೆಲ ಒರೆಸಿ, ಟಿ.ವಿ. ಮೇಲೆ ಬಟ್ಟೆ ಆಡಿಸಿ 'ಉಸ್ಸಪ್ಪಾ' ಅಂತ ಕೂತಿರುತ್ತೀರಿ. ಮಧ್ಯಾಹ್ನ ಟೀಪಾಯಿ ಮೇಲೆ ಬೆರಳಿಟ್ಟರೆ ಮತ್ತೆ ಗೆರೆ! ವಿಜಯಪುರದಲ್ಲಿ ಸಂಸಾರ ಮಾಡುವವರಿಗೆ ಇದು ಹೊಸದೇನಲ್ಲ. ಎರೆಮಣ್ಣಿನ ಸೀಮೆ, ಕಡಿಮೆ ಮಳೆ, ಬೇಸಿಗೆಯ ಬಿಸಿಗಾಳಿ, ಜೊತೆಗೆ ವಾಹನಗಳ ಹೊಗೆ. ಮಗು ರಾತ್ರಿಯೆಲ್ಲ ಕೆಮ್ಮಿದರೆ, ಅತ್ತೆಯವರ ಉಬ್ಬಸ ಹೆಚ್ಚಾದರೆ 'ಒಂದು ಏರ್ ಪ್ಯೂರಿಫೈಯರ್ ತಂದುಬಿಡೋಣ ರೀ' ಎನ್ನುವ ಮಾತು ಮನೆಯಲ್ಲಿ ಬಂದೇ ಬರುತ್ತದೆ.

ತರಬಹುದು, ತಪ್ಪೇನಿಲ್ಲ. ಆದರೆ ಹತ್ತು ಹದಿನೈದು ಸಾವಿರ ಎಣಿಸಿ ಕೊಡುವ ಮೊದಲು ಆ ಯಂತ್ರ ಏನನ್ನು ಹಿಡಿಯುತ್ತದೆ, ಏನನ್ನು ಹಿಡಿಯುವುದಿಲ್ಲ ಅನ್ನೋದು ನಿಮಗೆ ಗೊತ್ತಿರಲಿ.

ಒಳಗೆ ಏನಿರುತ್ತದೆ?

ಬಿಚ್ಚಿ ನೋಡಿದರೆ ಒಂದು ಫ್ಯಾನು, ಅದರ ಮುಂದೆ ಎರಡು ಮೂರು ಫಿಲ್ಟರ್. ಅಷ್ಟೇ. ಮೊದಲಿನ ಜಾಳಿಗೆ ಕೂದಲು, ನೂಲು, ದಪ್ಪ ಧೂಳನ್ನು ತಡೆಯುತ್ತದೆ. ಎರಡನೆಯದು 'ಹೆಪಾ' ಫಿಲ್ಟರ್. ಕಣ್ಣಿಗೆ ಕಾಣದ ಸಣ್ಣ ಕಣಗಳನ್ನು ಹಿಡಿಯುವುದು ಇದೇ. ಪಿ.ಎಂ. 2.5 ಎಂದು ಪೇಪರಿನಲ್ಲಿ ಓದುತ್ತೀರಲ್ಲ, ಅವು ನಮ್ಮ ಕೂದಲಿನ ದಪ್ಪದ ಇಪ್ಪತ್ತು ಮೂವತ್ತನೇ ಒಂದು ಪಾಲಿನಷ್ಟು ಸಣ್ಣ ಕಣಗಳು. ಮೂಗಿನಲ್ಲಿ ನಿಲ್ಲದೆ ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮೂರನೆಯದು ಇದ್ದಿಲಿನ ಅಂದರೆ ಕಾರ್ಬನ್ ಫಿಲ್ಟರ್. ವಾಸನೆ, ಕೆಲವು ಅನಿಲಗಳು ಇದಕ್ಕೆ ಅಂಟುತ್ತವೆ.

ಸಾಣಿಗೆಯಲ್ಲಿ ನುಚ್ಚು ಉಳಿಯುತ್ತದೆ, ಹಿಟ್ಟಿನ ವಾಸನೆ ಉಳಿಯುತ್ತದೆಯೇ? ಹೆಪಾ ಕೂಡ ಹಾಗೆಯೇ. ಕಣ ಹಿಡಿಯುತ್ತದೆ, ಅನಿಲವನ್ನಲ್ಲ.

ನಿಮ್ಮ ಓಣಿಯ ಗಾಳಿ ಎಂಥದ್ದು?

ಎಲ್ಲರ ಮನೆಯ ಗಾಳಿ ಒಂದೇ ಅಲ್ಲ. ವಿಜಯಪುರ ನಗರದಲ್ಲಿ ಮುಖ್ಯ ತೊಂದರೆ ಎಂದರೆ ರಸ್ತೆ ಧೂಳು, ಹೊಗೆ, ಖಾಲಿ ನಿವೇಶನದ ಕಾಂಗ್ರೆಸ್ ಕಸದ ಪರಾಗ. ಇವೆಲ್ಲ ಕಣಗಳು. ಒಳ್ಳೆ ಹೆಪಾ ಫಿಲ್ಟರ್ ಇದ್ದರೆ ಸಾಕು.

ಟಿಕೋಟಾ ಕಡೆ ಮನೆ ಇದ್ದರೆ ದ್ರಾಕ್ಷಿ ಪಡದ ಮಗ್ಗುಲಲ್ಲೇ ಇರಬಹುದು. ಅಕ್ಟೋಬರ್ ಚಾಟ್ನಿಯ ನಂತರ ಔಷಧಿ ಸಿಂಪಡಣೆ, ಬೇಸಿಗೆ ಹೊತ್ತಿಗೆ ಒಣದ್ರಾಕ್ಷಿಗೆ ಕೆಲವೆಡೆ ಗಂಧಕದ ಹೊಗೆ. ಗಂಟಲು ಕೆರೆಯುವ ಈ ವಾಸನೆಗೆ ಬರೀ ಹೆಪಾ ನಾಟುವುದಿಲ್ಲ. ತೂಕವುಳ್ಳ ಕಾರ್ಬನ್ ಫಿಲ್ಟರ್ ಬೇಕು, ಅದೂ ಬೇಗ ತುಂಬಿಹೋಗುತ್ತದೆ. ಸಿಂಪಡಿಸುವ ಹೊತ್ತು ಮೊದಲೇ ಕೇಳಿಕೊಂಡು ಕಿಟಕಿ ಮುಚ್ಚುವುದು, ಒಣಗಲು ಹಾಕಿದ ಮಕ್ಕಳ ಬಟ್ಟೆ ಒಳಗೆ ತರುವುದು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಬಬಲೇಶ್ವರ ಸೀಮೆಯಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುತ್ತಾರೆ, ಜೋಳ, ತೊಗರಿ ರಾಶಿಯ ಕಾಲಕ್ಕೆ ಹೊಟ್ಟಿನ ಧೂಳು ಏಳುತ್ತದೆ. ಇವನ್ನು ಹೆಪಾ ಹಿಡಿಯುತ್ತದೆ. ಆದರೆ ಎರಡು ಮೂರು ವಾರದ ಈ ಸುಗ್ಗಿಗಾಗಿ ಯಂತ್ರ ಬೇಕೇ ಎಂಬುದನ್ನು ಮನೆಯಲ್ಲಿ ಉಬ್ಬಸದವರು ಇದ್ದಾರೋ ಇಲ್ಲವೋ ನೋಡಿ ತೀರ್ಮಾನಿಸಿ.

ನಗರದ ಇಬ್ರಾಹಿಂಪುರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರವಿದೆ. ಕೇಂದ್ರ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಇಂಥ ಕೇಂದ್ರಗಳ ಅಂಕಿ ನೋಡಬಹುದು. ಸೂಚ್ಯಂಕ 50ರೊಳಗಿದ್ದರೆ ಉತ್ತಮ, 100ರವರೆಗೆ ಪರವಾಗಿಲ್ಲ, 200 ದಾಟಿದರೆ ಕೆಟ್ಟದ್ದು. ಪಿ.ಎಂ. 2.5ಕ್ಕೆ ನಮ್ಮ ದೇಶದ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮಾತ್ರ.

ಹೊಗೆ ಒಳಗೇ ಹುಟ್ಟಿದರೆ?

ಹೊರಗಿನ ಗಾಳಿಯನ್ನು ಬೈಯುತ್ತ ನಾವು ಒಳಗೇ ಎಷ್ಟು ಹೊಗೆ ಹಾಕುತ್ತೇವೆ ನೋಡಿ. ದೇವರ ಕೋಣೆಯ ಊದಿನಕಡ್ಡಿ, ಸಂಜೆಯ ಲೋಬಾನ, ಮೆಣಸಿನಕಾಯಿ ಒಗ್ಗರಣೆ, ರಾತ್ರಿ ಮಂಚದ ಕೆಳಗೆ ಸೊಳ್ಳೆ ಕಾಯಿಲ್. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ಕಾಯಿಲ್ ಹಚ್ಚಿ ಪಕ್ಕದಲ್ಲೇ ಪ್ಯೂರಿಫೈಯರ್ ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಸೊಳ್ಳೆ ಪರದೆ ಕಟ್ಟಿ. ಖರ್ಚೂ ಕಡಿಮೆ, ಕೂಸಿಗೂ ಒಳ್ಳೆಯದು.

ಇನ್ನೊಂದು ಮಾತು. ನಮ್ಮ ಕಡೆ ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೆಂಡದ ಶೇಗಡಿ ಇಡುವುದು, ಅಜಿವಾನದ ಹೊಗೆ ಹಾಕುವುದು ಹಿಂದಿನಿಂದ ಬಂದಿದೆ. ಹಿರಿಯರ ಕಾಳಜಿ ಸುಳ್ಳಲ್ಲ, ಬೆಚ್ಚಗಿರಲಿ ಎಂದೇ ಮಾಡುತ್ತಾರೆ. ಆದರೆ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಜೀವವನ್ನೇ ತೆಗೆಯುತ್ತದೆ. ಮನೆಯ ಯಾವ ಏರ್ ಪ್ಯೂರಿಫೈಯರೂ ಇದನ್ನು ತಡೆಯುವುದಿಲ್ಲ. 'ಮಶಿನ್ ಐತಲ್ಲ, ಇರಲಿ ಬಿಡು' ಅನ್ನಬೇಡಿ. ಶೇಗಡಿಯನ್ನು ಹೊರಗೇ ಇಡಿ. ಬೆಚ್ಚಗಿಡಲು ಟೊಪ್ಪಿಗೆ, ಸ್ವೆಟರ್, ತಾಯಿಯ ಮೈಶಾಖ ಇದ್ದೇ ಇದೆ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ಮಾತು. ತಲೆನೋವು, ವಾಂತಿ ಬಂದಂತೆ, ತಲೆ ಸುತ್ತು ಕಂಡರೆ ಕೂಡಲೇ ಹೊರಗೆ ಬನ್ನಿ, ಡಾಕ್ಟರಿಗೆ ತೋರಿಸಿ.

ಅಂಗಡಿಯಲ್ಲಿ ಇವನ್ನು ಕೇಳಿ

• ಸಿ.ಎ.ಡಿ.ಆರ್. ಎಷ್ಟು? ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಅಂಕಿ ಇದು. ನಿಮ್ಮ ಕೋಣೆ 10 ಅಡಿಗೆ 12 ಅಡಿ, ಎತ್ತರ 10 ಅಡಿ ಎಂದಿಟ್ಟುಕೊಳ್ಳಿ. ಒಟ್ಟು 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಆ ಗಾಳಿ ಗಂಟೆಗೆ ಐದು ಸಲ ಸೋಸಬೇಕೆಂದರೆ ಸಿ.ಎ.ಡಿ.ಆರ್. 170 ಬೇಕು. ಹಳೆ ಮನೆಯ ಎತ್ತರದ ಚಾವಣಿಗೆ ಇನ್ನೂ ಹೆಚ್ಚು. ಡಬ್ಬಿ ಮೇಲಿನ '400 ಚದರಡಿ' ಮಾತನ್ನೇ ನಂಬಬೇಡಿ.

• ಹೆಪಾ ಯಾವುದು? 'ಎಚ್13' ಅಥವಾ 'ಟ್ರೂ ಹೆಪಾ' ಎಂದಿರಲಿ. 'ಹೆಪಾ ಟೈಪ್', 'ಹೆಪಾ ಲೈಕ್' ಎಂಬುದಕ್ಕೆ ಯಾವ ಅಳತೆಯೂ ಇಲ್ಲ.

• ಫಿಲ್ಟರಿನ ಬೆಲೆ ಎಷ್ಟು, ವಿಜಯಪುರದಲ್ಲೇ ಸಿಗುತ್ತದೆಯೇ? ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕು, ನಮ್ಮ ಧೂಳಿಗೆ ಇನ್ನೂ ಬೇಗ. ಮೂರು ವರ್ಷದ ಫಿಲ್ಟರ್ ಖರ್ಚನ್ನು ಯಂತ್ರದ ಬೆಲೆಗೆ ಕೂಡಿಸಿ ನೋಡಿ. ಆಗ ಗೊತ್ತಾಗುತ್ತದೆ ಯಾವುದು ಅಗ್ಗ ಎಂದು.

• ಅಯೊನೈಸರ್ ಇದೆಯೇ? ಕೆಲವು ಓಝೋನ್ ಬಿಡುತ್ತವೆ, ಉಬ್ಬಸದವರಿಗೆ ಅದು ಕೆಟ್ಟದ್ದು. ಇಲ್ಲದ್ದನ್ನೇ ಆರಿಸಿ, ಇದ್ದರೆ ಆಫ್ ಮಾಡುವ ಬಟನ್ ಇರಲಿ.

• ಸದ್ದು ಎಷ್ಟು? ಅಂಗಡಿಯಲ್ಲೇ ಜೋರಾಗಿ ಹಾಕಿಸಿ ಕೇಳಿ. ನಿದ್ದೆ ಕೆಡುತ್ತದೆಂದು ರಾತ್ರಿ ಬಂದ್ ಮಾಡುವ ಯಂತ್ರ ಯಾತಕ್ಕೆ?

ಕರೆಂಟ್ ಬಿಲ್ ಬಗ್ಗೆ ಹೆದರಬೇಡಿ. 50 ವ್ಯಾಟಿನದನ್ನು ರಾತ್ರಿ ಎಂಟು ಗಂಟೆ ಹಾಕಿದರೆ ತಿಂಗಳಿಗೆ 12 ಯೂನಿಟ್ ಅಷ್ಟೇ.

ತಂದ ಮೇಲೆ ಹೀಗೆ ಬಳಸಿ

ಇಡೀ ಮನೆಗೆ ಒಂದು ಯಂತ್ರ ಸಾಲದು. ಉಬ್ಬಸ ಇರುವವರು ಮಲಗುವ ಕೋಣೆಯಲ್ಲಿಡಿ, ಗೋಡೆಯಿಂದ ಸ್ವಲ್ಪ ದೂರ. ಮಲಗುವ ಅರ್ಧ ಗಂಟೆ ಮುಂಚೆ ಕಿಟಕಿ ಮುಚ್ಚಿ ಜೋರಾಗಿ ಹಾಕಿ, ಆಮೇಲೆ ಸಣ್ಣದು ಮಾಡಿ. ನೆನಪಿಡಿ, ಬೇಸಿಗೆಯಲ್ಲಿ ಕೂಲರ್ ಓಡುವ ಕೋಣೆಯಲ್ಲಿ ಪ್ಯೂರಿಫೈಯರ್ ಬರೀ ದಂಡ. ಕೂಲರ್ ಹೊರಗಿನ ಗಾಳಿಯನ್ನೇ ಒಳಗೆ ತಳ್ಳುತ್ತದೆ, ಕಿಟಕಿಯೂ ತೆರೆದಿರಬೇಕಲ್ಲ! ಎ.ಸಿ. ಜೊತೆಗಾದರೆ ಸರಿ. ಕಿಟಕಿ ಮುಚ್ಚಿ ಮಲಗುವ ಚಳಿಗಾಲದಲ್ಲೇ ಅದರ ನಿಜವಾದ ಉಪಯೋಗ.

ವಾರಕ್ಕೊಮ್ಮೆ ಮುಂದಿನ ಜಾಳಿಗೆಯ ಧೂಳು ತೆಗೆಯಿರಿ. ಹೆಪಾ ಫಿಲ್ಟರನ್ನು ಮಾತ್ರ ನೀರಿನಲ್ಲಿ ತೊಳೆಯಬೇಡಿ, ಕೆಡುತ್ತದೆ.

ಗಿಡ ಇಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಆ ಮಾತು 1989ರ ನಾಸಾ ಪ್ರಯೋಗದಿಂದ ಹಬ್ಬಿದ್ದು. ಅದು ನಡೆದದ್ದು ಗಾಳಿಯಾಡದ ಪೆಟ್ಟಿಗೆಯಲ್ಲಿ. ಮನೆಯಲ್ಲಿ ಅಂಥ ಪರಿಣಾಮ ಬೇಕಾದರೆ ಒಂದು ಚದರ ಮೀಟರಿಗೆ ಕಡಿಮೆಯೆಂದರೂ ಹತ್ತು ಗಿಡ ಬೇಕು ಎಂದು 2019ರ ಪರಿಶೀಲನೆ ತೋರಿಸಿತು. ಮನಿ ಪ್ಲಾಂಟ್ ಚೆಂದಕ್ಕೆ ಇರಲಿ ಬಿಡಿ.

ಯಂತ್ರ ಕೊಳ್ಳಲು ಆಗದಿದ್ದರೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ. ಒಣ ಕಸಬರಿಗೆ ಬದಲು ಒದ್ದೆ ಬಟ್ಟೆ, ಬಾಗಿಲಲ್ಲಿ ಕಾಲೊರಸು, ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್, ವಾರಕ್ಕೊಮ್ಮೆ ಹೊದಿಕೆಗೆ ಬಿಸಿನೀರು, ರಸ್ತೆ ಕಡೆಯ ಕಿಟಕಿಯನ್ನು ವಾಹನ ಓಡಾಡುವ ಹೊತ್ತಿನಲ್ಲಿ ಮುಚ್ಚುವುದು. ಅರ್ಧ ಕೆಲಸ ಇದರಲ್ಲೇ ಆಗುತ್ತದೆ. ಯಂತ್ರ ತಂದವರೂ ಇದನ್ನು ಬಿಡುವಂತಿಲ್ಲ.

ಕೊನೆಗೊಂದು ಕಿವಿಮಾತು. ಪ್ಯೂರಿಫೈಯರ್ ಬಂತೆಂದು ಮಗುವಿನ ಇನ್‌ಹೇಲರ್ ನೀವಾಗಿಯೇ ನಿಲ್ಲಿಸಬೇಡಿ. ಯಂತ್ರ ಗಾಳಿಯನ್ನು ಸೋಸುತ್ತದೆ, ಉಬ್ಬಸಕ್ಕೆ ಮದ್ದು ಕೊಡುವುದಿಲ್ಲ. ಔಷಧಿ ಕಡಿಮೆ ಮಾಡುವುದು, ಬಿಡುವುದು ಡಾಕ್ಟರು ಹೇಳಿದ ಮೇಲೆಯೇ.